ನೂಲು, ಇಂಚು, ಮಿಲಿಮೀಟರ್: ಡ್ರಾವರ್ ಬಿಗಿಯಾದದ್ದು ಎಲ್ಲಿ?

ಪ್ರಶ್ನೆ: ಉಡುಪಿಯ ಹತ್ತಿರ ನಮ್ಮ ಹೊಸ ಮನೆಯ ಮರದ ಕೆಲಸ ನಡೆಯುತ್ತಿದೆ. ಕಪಾಟುಗಳ ನಕ್ಷೆ ಬೆಂಗಳೂರಿನಿಂದ ಮಿಲಿಮೀಟರಿನಲ್ಲಿ ಬಂದಿದೆ. ನಮ್ಮ ಆಚಾರಿಯವರು ಅಡಿ, ಇಂಚು, ನೂಲಿನಲ್ಲೇ (ಇಂಚಿನ ಎಂಟನೇ ಒಂದು ಭಾಗ) ಕೆಲಸ ಮಾಡುವವರು. ಎರಡೂವರೆ ಅಡಿ ಅಗಲದ ಮೊದಲ ಕಪಾಟು ಮುಗಿದಿದೆ, ಆದರೆ ಡ್ರಾವರ್ ತುಂಬಾ ಬಿಗಿ, ಎಳೆದರೆ ಕಿರುಗುಡುತ್ತದೆ. ಮಗ ಹೇಳುವುದು, ಇಂಚನ್ನು ಪೂರ್ತಿ ಬಿಡಬೇಕು ಎಂದು. ಆಚಾರಿಯವರು ಹೇಳುವುದು, ನಕ್ಷೆಯಲ್ಲೇ ತಪ್ಪಿದೆ ಎಂದು. ಇನ್ನೂ ಮೂರು ಕಪಾಟು, ನಾಲ್ಕು ಬಾಗಿಲು ಬಾಕಿ ಇವೆ. ಯಾವ ಅಳತೆಯಲ್ಲಿ ಮುಂದುವರಿಯುವುದು?

ಉತ್ತರ: ನಕ್ಷೆ ತಪ್ಪಿಲ್ಲ, ಆಚಾರಿಯವರ ಟೇಪೂ ತಪ್ಪಿಲ್ಲ. ನೀವು ಬರೆದಷ್ಟನ್ನು ನೋಡಿದರೆ, ತಪ್ಪಿರುವುದು ಪ್ಲೈಯ ದಪ್ಪವನ್ನು ಅಳೆಯದೆ ಬಾಯಿಲೆಕ್ಕದಲ್ಲಿ ಹಿಡಿದ ಕಡೆ. ಲೆಕ್ಕವನ್ನು ಬಿಡಿಸಿ ನೋಡೋಣ.

ಕಪಾಟಿನ ಹೊರ ಅಗಲ 30 ಇಂಚು, ಅಂದರೆ 762 ಮಿ.ಮೀ. ಆಚಾರಿಯವರ ಲೆಕ್ಕ ಹೀಗಿರುತ್ತದೆ: ಎರಡು ಬದಿಗೆ ಮುಕ್ಕಾಲು ಮುಕ್ಕಾಲು ಇಂಚು ಕಳೆದರೆ ಒಳಗೆ 28 1/2 ಇಂಚು. ಚಾನೆಲ್‌ಗೆ (ಡ್ರಾವರ್ ಓಡುವ ಲೋಹದ ಪಟ್ಟಿಗೆ) ಎರಡೂ ಕಡೆ ಅರ್ಧರ್ಧ ಇಂಚು ಬಿಟ್ಟರೆ ಡ್ರಾವರ್ 27 1/2 ಇಂಚು, ಅಂದರೆ 698.5 ಮಿ.ಮೀ. ಕಾಗದದ ಮೇಲೆ ಇದರಲ್ಲಿ ಏನೂ ದೋಷವಿಲ್ಲ.

ಈಗ ನಿಜವಾದ ಬದಿಯನ್ನು ಅಳೆಯಿರಿ. 19 ಎಂದು ಕೊಂಡ ಪ್ಲೈ 18.3 ಇದೆ ಎಂದಿಟ್ಟುಕೊಳ್ಳಿ. ಹೊರಗೆ 1 ಮಿ.ಮೀ ಮೈಕಾ, ಒಳಗೆ 0.8ರ ಲೈನರ್ (ಒಳಬದಿಗೆ ಅಂಟಿಸುವ ತೆಳು ಮೈಕಾ), ನಡುವೆ ಅಂಟಿನ ಪದರ. ಒಟ್ಟು ಸುಮಾರು 20.2. ಎರಡು ಬದಿಗೆ 40.4 ಹೋದರೆ ಒಳಗೆ ಉಳಿಯುವುದು 721.6. ಡ್ರಾವರ್ 698.5, ಎರಡು ಚಾನೆಲ್ 25.4, ಕೂಡಿದರೆ 723.9. ಇರುವ ಜಾಗಕ್ಕಿಂತ 2.3 ಮಿ.ಮೀ ಹೆಚ್ಚು. ಕಿರುಗುಡದೆ ಇನ್ನೇನು ಮಾಡೀತು? ನಿಮ್ಮ ಕಪಾಟಿನಲ್ಲಿ ಅಂಕಿಗಳು ಒಂದಿಷ್ಟು ಆಚೀಚೆ ಇರಬಹುದು, ಜಾಡು ಇದೇ. ಮಿಲಿಮೀಟರಿನಲ್ಲೇ ಕೆಲಸ ಮಾಡಿ, ‘ಬದಿ 19’ ಎಂದು ಕಣ್ಣುಮುಚ್ಚಿ ಹಿಡಿದಿದ್ದರೂ ಇದೇ ಕಥೆ ಆಗುತ್ತಿತ್ತು. ಹಾಗಾಗಿ ಮಗನ ವಾದವೂ ಪೂರ್ತಿ ನಿಲ್ಲುವುದಿಲ್ಲ.

ಇಲ್ಲಿ ಒಂದು ವಿಷಯ ಗಟ್ಟಿ ಮಾಡಿಕೊಳ್ಳಬೇಕು. ಅಂಗಡಿಯಲ್ಲಿ ಹೇಳುವ ಅಳತೆಗಳಲ್ಲಿ ಅರ್ಧ ಬರೀ ಹೆಸರುಗಳು. ‘ಮುಕ್ಕಾಲು ಇಂಚು ಪ್ಲೈ’ ಒಂದು ಹೆಸರು. ನಿಜವಾದ ಮುಕ್ಕಾಲು ಇಂಚು 19.05, ಹಲಗೆಯ ಮೇಲಿನ ಮುದ್ರೆ 19 ಅಥವಾ 18, ಕ್ಯಾಲಿಪರ್ ಹೇಳುವುದು ಮತ್ತೊಂದು. ಸಾಮಾನ್ಯ ಪ್ಲೈಗೆ ಅನ್ವಯಿಸುವ ಐಎಸ್ 303 ಎಂಬ ಭಾರತೀಯ ಮಾನಕವೇ 6 ಮಿ.ಮೀ ಮತ್ತು ಮೇಲಿನ ದಪ್ಪಕ್ಕೆ ಶೇ 5ರಷ್ಟು ಆಚೀಚೆ ಒಪ್ಪುತ್ತದೆ. 19ರ ಹಲಗೆ 18.05 ಇದ್ದರೂ ನಿಯಮ ಮೀರಿದಂತೆ ಅಲ್ಲ. ‘ಅರ್ಧ ಇಂಚು ಪ್ಲೈ’ 12.7 ಅಲ್ಲ, 12. ಅದಕ್ಕೆ ರೂಟರ್ ಯಂತ್ರದಲ್ಲಿ ಅರ್ಧ ಇಂಚಿನ ಬಿಟ್ (ಕೊರೆಯುವ ಅಲಗು) ಹಾಕಿ ಗಾಡಿ (ಹಲಗೆ ಕೂರುವ ಕಾಲುವೆ) ಹೊಡೆದರೆ ಹಲಗೆ ಒಳಗೆ ಲಟಪಟ ಎನ್ನುತ್ತದೆ. 8×4 ಅಡಿಯ ಹಲಗೆಯೂ ಹಾಗೆಯೇ. ಲೆಕ್ಕಕ್ಕೆ 2438×1219 ಆಗಬೇಕು, ಬರುವುದು 2440×1220. ಎರಡು ಮಿಲಿಮೀಟರ್ ಲಾಭ ಬಂತು ಎಂದು ಹಿಗ್ಗಬೇಡಿ, ಗರಗಸದ ಒಂದೊಂದು ಸೀಳಿಗೂ 3 ಮಿ.ಮೀ ಹತ್ತಿರ ಪುಡಿಯಾಗಿ ಹೋಗುತ್ತದೆ. 4 ಅಡಿಯಿಂದ 1 ಅಡಿಯ ನಾಲ್ಕು ಪಟ್ಟಿ ಎಂದೂ ಬರುವುದಿಲ್ಲ.

ಚಾನೆಲ್ ಕೇಳುವಾಗ ನಾವೆಲ್ಲ ‘18 ಇಂಚಿನದ್ದು ಕೊಡಿ’ ಎನ್ನುತ್ತೇವೆ. ಕೈಗೆ ಬರುವುದು 450 ಮಿ.ಮೀ, 18 ಇಂಚೆಂದರೆ 457.2. 22 ಇಂಚಿನದ್ದು 550, ಅಲ್ಲಿ ವ್ಯತ್ಯಾಸ 9 ಮಿ.ಮೀ ಹತ್ತಿರ. ಕಪಾಟಿನ ಒಳ ಆಳ 455 ಇದ್ದು, ಚಾನೆಲ್‌ನ ಹೆಸರು ನಂಬಿ ಡ್ರಾವರನ್ನು 18 ಇಂಚಿಗೆ ಕತ್ತರಿಸಿದರೆ ಹಿಂಬದಿ ಗೋಡೆಗೆ ತಾಗಿ ಮುಂಭಾಗ ಮುಚ್ಚುವುದೇ ಇಲ್ಲ. ತಮಾಷೆ ಎಂದರೆ ಅದೇ ಚಾನೆಲ್‌ನ ದಪ್ಪ ಮಾತ್ರ ಇಂದಿಗೂ ಅಪ್ಪಟ ಅರ್ಧ ಇಂಚು, 12.7. ಉದ್ದ ಮೆಟ್ರಿಕ್, ದಪ್ಪ ಇಂಚು, ಒಂದೇ ವಸ್ತುವಿನಲ್ಲಿ ಎರಡೂ. ಡ್ರಾವರ್ ಅಗಲಕ್ಕೆ ಒಳ ಅಳತೆಯಿಂದ 26 ಮಿ.ಮೀ ಕಳೆಯಿರಿ, ಸಲೀಸಾಗಿ ಓಡುತ್ತದೆ. 25.4ಕ್ಕಿಂತ ಕಡಿಮೆಯಾದರೆ ಬಿಗಿ. 27 ದಾಟಿದರೆ ಪಟ್ಟಿಗಳು ಒಂದನ್ನೊಂದು ಸರಿಯಾಗಿ ಹಿಡಿಯದೆ ಡ್ರಾವರ್ ಜೋಲುತ್ತದೆ.

ಆಟೋ ಹಿಂಜಿನ (ಬಾಗಿಲಿನೊಳಗೆ ಬಟ್ಟಲು ಕೂರುವ ಬಿಜಾಗರಿಯ) ವಿಷಯದಲ್ಲಿ ಇಂಚಿನವರೂ ಗೆಲ್ಲುತ್ತಾರೆ. ಬಟ್ಟಲಿನ ವ್ಯಾಸ 35, ಬಾಗಿಲಿನ ಅಂಚಿನಿಂದ 5 ಮಿ.ಮೀ ಬಿಟ್ಟರೆ ತೂತಿನ ನಡುಬಿಂದು 22.5ಕ್ಕೆ. ಆಚಾರಿಯವರು ಅದನ್ನು 7 ನೂಲು ಎಂದು ಗುರುತು ಹಾಕಿದರೆ 22.2 ಆಗುತ್ತದೆ. ಆ 0.3 ಅನ್ನು ಹಿಂಜಿನ ಸ್ಕ್ರೂ ತಿರುಗಿಸಿಯೇ ಸರಿಪಡಿಸಬಹುದು. ಆದರೆ ಶೆಲ್ಫ್ ಪಿನ್ನಿನ ತೂತುಗಳ ಸಾಲು ಬೇರೆ ಮಾತು. ಅವು 32 ಮಿ.ಮೀ ಅಂತರದವು. ಒಂದೂಕಾಲು ಇಂಚು ಎಂದು ಹಿಡಿದರೆ 31.75. ಒಂದು ತೂತಿಗೆ ಕಾಲು ಮಿಲಿಮೀಟರ್ ಏನೂ ಅಲ್ಲ, ಹತ್ತನೇ ಅಂತರಕ್ಕೆ ಬರುವಾಗ ಎರಡೂವರೆ ಮಿ.ಮೀ. ಒಂದು ಬದಿಯನ್ನು ಇಂಚಿನಲ್ಲೂ ಇನ್ನೊಂದನ್ನು ಮಿಲಿಮೀಟರಿನಲ್ಲೂ ಕೊರೆದರೆ ಶೆಲ್ಫ್ ಕಣ್ಣಿಗೆ ಕಾಣುವಷ್ಟು ವಾಲುತ್ತದೆ. ಒಂದೇ ಸಲ ಆಗುವ ತಪ್ಪಿಗಿಂತ ಸಾಲಾಗಿ ಕೂಡಿಕೊಳ್ಳುವ ತಪ್ಪನ್ನು ಹೆಚ್ಚು ಹೆದರಬೇಕು.

ಇನ್ನು ನೂಲಿನ ವಿಷಯ. ಹೊರರಾಜ್ಯದಿಂದ ಬಂದ ಕೆಲಸಗಾರರು ‘ಸೂತ್’ ಎನ್ನುವುದೂ ಇದನ್ನೇ, ಇಂಚಿನ ಎಂಟನೇ ಒಂದು ಭಾಗ. ಸರಿಯಾಗಿ 3.175 ಮಿ.ಮೀ. ‘ನೂಲೆಂದರೆ 3 ಮಿ.ಮೀ’ ಎಂಬ ರೂಢಿಯ ಲೆಕ್ಕ ಒಂದೆರಡು ನೂಲಿಗೆ ನಡೆಯುತ್ತದೆ, ಆರು ನೂಲಿಗೆ ಬರುವಾಗ 1 ಮಿ.ಮೀ ತಿಂದಿರುತ್ತದೆ. ಹಾಗೆಯೇ ಇಂಚಿಗೆ 25 ಎಂದು ಹಿಡಿದರೆ 30 ಇಂಚಿನಲ್ಲಿ 12 ಮಿ.ಮೀ ಮಾಯ. ಅಡಿಗೆ 300 ಎಂದು ಹಿಡಿದರೆ 7 ಅಡಿಯ ಬಾಗಿಲಿನಲ್ಲಿ 34. ಇಂಚು ನಿಖರವಾಗಿ 25.4 ಎಂದು 1959ರಲ್ಲೇ ಅಂತರರಾಷ್ಟ್ರೀಯವಾಗಿ ತೀರ್ಮಾನವಾಗಿದೆ. ಬದಲಿಸಲೇಬೇಕಾದರೆ ಅದೊಂದೇ ಅಂಕಿ ಹಿಡಿದು, ದಶಾಂಶ ಉಳಿಸಿಕೊಂಡು ಲೆಕ್ಕ ಮುಗಿಸಿ, ಕೊನೆಗೆ ಒಂದೇ ಸಲ ಅರ್ಧ ಮಿಲಿಮೀಟರಿಗೆ ಸರಿಹೊಂದಿಸಿ. ಹೆಜ್ಜೆಹೆಜ್ಜೆಗೂ ಸರಿಹೊಂದಿಸುತ್ತಾ ಹೋದರೆ ಕಡೆಗೆ ಏನು ಉಳಿಯುತ್ತದೆ ಎಂದು ಹೇಳಲಾಗದು.

ವಾಟ್ಸಾಪಿನಲ್ಲಿ ಅಳತೆ ಕಳಿಸುವುದು ಶುರುವಾದ ಮೇಲೆ ಇನ್ನೊಂದು ರೋಗ ಹುಟ್ಟಿದೆ. ಐದು ಅಡಿ ಆರು ಇಂಚನ್ನು ‘5.6’ ಎಂದು ಬರೆಯುತ್ತಾರೆ. ಓದುವವರು ಅದನ್ನು ಕ್ಯಾಲ್ಕುಲೇಟರಿಗೆ ಹಾಕಿದರೆ 5 ಅಡಿ 7.2 ಇಂಚು, 30 ಮಿ.ಮೀ ಹೆಚ್ಚು. ‘2.3’ ಎಂದರೆ ಎರಡು ಇಂಚು ಮೂರು ನೂಲೋ, ಎರಡು ಇಂಚು ಮತ್ತು ಹತ್ತರಲ್ಲಿ ಮೂರೋ? ಮೊದಲನೆಯದು 60.3, ಎರಡನೆಯದು 58.4. ಗಾಜು ಕತ್ತರಿಸಲು ಕೊಡುವಾಗ ಈ ಎರಡು ಮಿಲಿಮೀಟರ್ ದುಬಾರಿಯಾಗುತ್ತದೆ, ಟಫನ್ ಮಾಡಿದ (ಕಾಯಿಸಿ ಗಟ್ಟಿಗೊಳಿಸಿದ) ಗಾಜನ್ನು ಮತ್ತೆ ಕತ್ತರಿಸಲು ಬರುವುದಿಲ್ಲ. ಅಡಿ ಇಂಚಿನ ನಡುವೆ ಚುಕ್ಕಿ ಬೇಡವೇ ಬೇಡ, ‘5 ಅಡಿ 6 ಇಂಚು’ ಎಂದೇ ಬರೆಯಿರಿ. ಮೆಟ್ರಿಕ್‌ನಲ್ಲಿ ಬರೆಯುವಾಗ ಸೆಂಟಿಮೀಟರ್ ಬೇಡ. 72 ಎಂದು ಬರೆದದ್ದು ಸೆಂ.ಮೀಯೋ ಮಿ.ಮೀಯೋ ಎಂಬ ಪ್ರಶ್ನೆಯೇ ಏಳಬಾರದು. ಕೊಠಡಿಯ ಅಗಲವಾದರೂ ಸರಿ, 3660 ಎಂದೇ ಬರೆಯುವುದು.

ಹಾಗಾದರೆ ಇಂಚು ಬಿಡಬೇಕೇ? ಕಪಾಟಿಗೆ ಬಿಡಿ, ಬಾಗಿಲಿಗೆ ಬಿಡಬೇಡಿ. ದೇಶದಲ್ಲಿ ಮೆಟ್ರಿಕ್ ಕಾನೂನು ಬಂದದ್ದು 1956ರಲ್ಲಿ, ಆದರೂ ನಮ್ಮ ಮಿಲ್ಲುಗಳಲ್ಲಿ ಮರ ಇಂದಿಗೂ ಘನ ಅಡಿಯ ಲೆಕ್ಕದಲ್ಲೇ, ಸೈಜು ಇಂಚಿನಲ್ಲೇ. ಅಲ್ಲಿ ಹೋಗಿ ‘127×76 ಕೊಡಿ’ ಎಂದರೆ ಮುಖ ನೋಡಿಯಾರು. ನಿಮ್ಮ ದಾರಂದಕ್ಕೆ (ಬಾಗಿಲ ಚೌಕಟ್ಟಿಗೆ) 5×3 ಇಂಚಿನ ಮರ ಎಂದಿಟ್ಟುಕೊಳ್ಳಿ. ಎರಡು ನಿಲುವು 7 ಅಡಿಯವು, ಮೇಲಿನದೂ ಹೊಸಿಲೂ ಮೂರೂವರೆ ಅಡಿಯವು, ಒಟ್ಟು 21 ಅಡಿ. 5ನ್ನು 3ರಿಂದ, ಅದನ್ನು 21ರಿಂದ ಗುಣಿಸಿ 144ರಿಂದ ಭಾಗಿಸಿದರೆ 2.19 ಘನ ಅಡಿ. ಬಾಯಲ್ಲೇ ಆಗುವ ಲೆಕ್ಕ. ತುದಿ ಸರಿ ಮಾಡಲು, ಕೀಲಿನ ನಾಲಿಗೆಗೆ ಒಂದೊಂದು ತುಂಡಿಗೂ ಮೂರು ನಾಲ್ಕು ಇಂಚು ಹೆಚ್ಚು ಕೇಳಿ.

ಇಲ್ಲೂ ಹೆಸರು ಬೇರೆ, ವಸ್ತು ಬೇರೆ. 5×3 ಎನ್ನುವುದು ಗರಗಸದ ಅಳತೆ. ಪ್ರತಿ ಮುಖದಿಂದ ಒಂದೂವರೆ ಮಿ.ಮೀ ಕೀಸಿದರೂ ಉಳಿಯುವುದು 124×73, ಅಂದರೆ ಎರಡೂ ಕಡೆ ಒಂದೊಂದು ನೂಲು ಕಡಿಮೆ. ನಕ್ಷೆಯವರು ‘5×3 ಅಂದರೆ 125×75’ ಎಂದು ಬರೆದಿದ್ದರೆ ಆ ಅಳತೆ ನಿಮಗೆ ಆ ಮರದಿಂದ ಸಿಗುವುದೇ ಇಲ್ಲ. ನಕ್ಷೆಯಲ್ಲಿ ಕೀಸಿದ ನಂತರದ ಅಳತೆ ಕೇಳಿ, ಮಿಲ್ಲಿನಲ್ಲಿ ಕೀಸುವ ಮೊದಲಿನ ಅಳತೆ ಹೇಳಿ.

ತೋಟದ ಹಲಸೋ ಸಾಗುವಾನಿಯೋ ಕಡಿಸಿ ಮಿಲ್ಲಿಗೆ ಒಯ್ಯುವವರಿದ್ದರೆ ಒಂದು ಎಚ್ಚರ. ದಿಮ್ಮಿಯ ಲೆಕ್ಕವನ್ನು ಸುತ್ತಳತೆಯ ಕಾಲು ಭಾಗದ ವರ್ಗದಿಂದ ಮಾಡುತ್ತಾರೆ. 48 ಇಂಚು ಸುತ್ತಳತೆಯ, 10 ಅಡಿ ಉದ್ದದ ದಿಮ್ಮಿ ಆ ಲೆಕ್ಕದಲ್ಲಿ 10 ಘನ ಅಡಿ, ನಿಜವಾದ ಗಾತ್ರ 12.7. ವ್ಯತ್ಯಾಸ ಮೋಸವಲ್ಲ, ಸಿಪ್ಪೆ ಹಲಗೆಯಾಗಿ ಹೋಗುವ ಭಾಗವನ್ನು ಮೊದಲೇ ಬಿಟ್ಟ ಹಳೆಯ ರೂಢಿ. ಅರಣ್ಯ ಇಲಾಖೆಯ ಹರಾಜಿನ ಘನ ಮೀಟರ್ ದರವನ್ನು ಮಿಲ್ಲಿನ ದರದ ಜೊತೆ ಹೋಲಿಸುವಾಗ 35.31ರಿಂದ ಭಾಗಿಸಬೇಕು. ದಿಮ್ಮಿಯ ದರವೋ ಕೊಯ್ದ ಸೈಜಿನ ದರವೋ ಎಂದು ಕೇಳದೆ ಹೋಲಿಸಿದರೆ ಅರ್ಥವಿಲ್ಲ.

ಬಾಗಿಲಿಗೆ ರೆಡಿಮೇಡ್ ಫ್ಲಶ್ ಡೋರ್ (ಚೌಕಟ್ಟಿನ ಎರಡೂ ಕಡೆ ಹಲಗೆ ಹೊದಿಸಿದ ಸಪಾಟು ಬಾಗಿಲು) ತರುವುದಾದರೆ ಮೊದಲು ಬಾಗಿಲು ನೋಡಿ, ಆಮೇಲೆ ದಾರಂದ. ಅಂಗಡಿಯಲ್ಲಿ 84×36 ಇಂಚಿನದ್ದು ಇಟ್ಟಿರುತ್ತಾರೆ. ನಕ್ಷೆಯಲ್ಲಿ 2100 ಎಂದಿರುತ್ತದೆ, 84 ಇಂಚು 2134. ಆ 34 ಮಿ.ಮೀಯನ್ನು ಒಂದೇ ತುದಿಯಿಂದ ಕತ್ತರಿಸಿದರೆ ಒಳಗಿನ ಚೌಕಟ್ಟಿನ ಪಟ್ಟಿ ತೀರಾ ಸಪೂರವಾಗಿ ಸ್ಕ್ರೂ ಹಿಡಿಯುವುದಿಲ್ಲ, ಮಳೆಗಾಲದಲ್ಲಿ ನೀರೂ ಒಳಗೆ ಇಳಿಯುತ್ತದೆ. ಮೇಲೆ ಕೆಳಗೆ ಹಂಚಿ ಕತ್ತರಿಸಿ, ಕತ್ತರಿಸಿದ ಅಂಚಿಗೆ ಪ್ರೈಮರ್ ಬಳಿಯಿರಿ. ಕೆಳಗಿನ ಅಂಚನ್ನು ಯಾರೂ ಬಳಿಯುವುದಿಲ್ಲ, ಬಾಗಿಲು ಉಬ್ಬುವುದು ಅಲ್ಲಿಂದಲೇ.

ಇಡೀ ಮರದ ಕೆಲಸದಲ್ಲಿ ಅರ್ಧ ಮಿಲಿಮೀಟರಿಗೆ ಜಗಳವಾಡುವುದಕ್ಕೂ ಒಂದು ಮಿತಿ ಇದೆ. ನಮ್ಮ ಕರಾವಳಿಯಲ್ಲಿ ಏಪ್ರಿಲಿನ ಮರ ಬೇರೆ, ಜುಲೈಯ ಮರ ಬೇರೆ. ಚಪ್ಪಟೆಯಾಗಿ ಕೊಯ್ದ ಸಾಗುವಾನಿ ಹಲಗೆ, ಅದರ ತೇವಾಂಶ ಶೇಕಡಾ ಒಂದು ಏರಿದರೆ, ಅಗಲದಲ್ಲಿ ಸುಮಾರು ಶೇ 0.2ರಷ್ಟು ಹಿಗ್ಗುತ್ತದೆ. 10 ಇಂಚಿನ ಹಲಗೆಯ ತೇವ ನಾಲ್ಕು ಅಂಶ ಏರಿದರೆ 2 ಮಿ.ಮೀ. ಉದ್ದದಲ್ಲಿ ಮಾತ್ರ ಹೆಚ್ಚುಕಡಿಮೆ ಏನೂ ಇಲ್ಲ. ಬೇಸಗೆಯಲ್ಲಿ ಬಾಗಿಲು ಕೂರಿಸುವುದಾದರೆ ಬದಿಗೆ ಒಂದು ನೂಲಿಗಿಂತ ತುಸು ಹೆಚ್ಚೇ ಸಂದು ಬಿಡಿ, ಮಳೆ ಹಿಡಿದ ಮೇಲೆ ಕೂರಿಸುವುದಾದರೆ ಅದಕ್ಕಿಂತ ಕಡಿಮೆ ಸಾಕು. ಇಂಥ ಕಡೆ ನೂಲೇ ಸರಿಯಾದ ಅಳತೆ, ಮಿಲಿಮೀಟರಿನ ಹತ್ತನೇ ಭಾಗದ ಮಾತು ಅಲ್ಲಿ ಹಾಸ್ಯ. ಪ್ಲೈ ಅಷ್ಟು ಆಡುವುದಿಲ್ಲ, ಆದ್ದರಿಂದಲೇ ಅಲ್ಲಿ ಮಿಲಿಮೀಟರ್ ಕೇಳುತ್ತದೆ.

ಎರಡು ಪದ್ಧತಿಗೂ ಅವುಗಳದೇ ಸುಖ ಇದೆ. ಅರ್ಧ ಮಾಡುವುದಕ್ಕೆ ಇಂಚು ಸಲೀಸು: 5/8ರ ಅರ್ಧ 5/16, ಕೆಳಗಿನ ಅಂಕಿ ಇಮ್ಮಡಿ ಮಾಡಿದರೆ ಆಯಿತು. ಕೂಡುವುದು ಕಳೆಯುವುದಕ್ಕೆ ಮಿಲಿಮೀಟರ್. 28 3/8ರಿಂದ ಎರಡು 11/16 ಕಳೆಯಿರಿ ಎಂದರೆ ಯಾರಿಗೂ ತಡವರಿಕೆ. ಕಪಾಟಿನ ಕೆಲಸದಲ್ಲಿ ಕಳೆಯುವುದೇ ಹೆಚ್ಚು. ಐದು ಸಮಭಾಗದಂಥ ಕೆಲಸಕ್ಕೆ ಎರಡೂ ಬೇಡ. 217 ಮಿ.ಮೀ ಹಲಗೆಯ ಒಂದಂಚಿಗೆ ಸ್ಕೇಲಿನ 0, ಇನ್ನೊಂದಂಚಿಗೆ 250 ಬರುವಂತೆ ಓರೆಯಾಗಿ ಇಟ್ಟು 50, 100, 150, 200ಕ್ಕೆ ಚುಕ್ಕಿ ಹಾಕಿ, ಭಾಗ ತಾನಾಗಿಯೇ ಸಮ ಬರುತ್ತದೆ.

ಅಳೆಯದೆ ಮಾಡುವ ಕೆಲಸವೇ ಬಹುಪಾಲು ಚೊಕ್ಕ. ಮಾಡಿನ (ಛಾವಣಿಯ) ಕೆಲಸ ನೋಡಿ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಎಷ್ಟೋ ಕಾರ್ಖಾನೆಗಳ ಹಂಚು ಬಂತು, ಒಂದೊಂದರ ಅಳತೆ ಒಂದಿಷ್ಟು ಬೇರೆ. ರೀಪಿನ (ಹಂಚು ಕೂರುವ ಅಡ್ಡಪಟ್ಟಿಯ) ಅಂತರವನ್ನು ಬಲ್ಲವರು ಪುಸ್ತಕದಿಂದ ತೆಗೆಯುವುದಿಲ್ಲ. ತಂದ ಹಂಚಿನಲ್ಲೇ ಹತ್ತನ್ನು ನೆಲದ ಮೇಲೆ ಒಂದಕ್ಕೊಂದು ಕಚ್ಚಿಸಿ, ಒಮ್ಮೆ ಎಳೆದು ಒಮ್ಮೆ ಒತ್ತಿ ನೋಡಿ, ನಡುವಿನದನ್ನು ಕೋಲಿಗೆ ಗುರುತು ಮಾಡಿಕೊಳ್ಳುತ್ತಾರೆ. ಪಕ್ಕಾಸಿನ (ರೀಪನ್ನು ಹೊರುವ ಇಳಿಜಾರಿನ ಮರದ) ಮೇಲೆ ಆ ಕೋಲೇ ಓಡುವುದು. ನಿಮ್ಮ ಕಪಾಟಿಗೂ ಅದೇ ಮಾಡಿ. ಒಂದು ನೇರ ಪಟ್ಟಿ ತೆಗೆದುಕೊಂಡು ಒಂದು ಮುಖದಲ್ಲಿ ಅಗಲ, ಇನ್ನೊಂದರಲ್ಲಿ ಎತ್ತರ, ಬದಿಯ ದಪ್ಪ, ಶೆಲ್ಫ್, ಡ್ರಾವರ್, ಹಿಂಜಿನ ಜಾಗ ಎಲ್ಲ ಪೂರ್ಣ ಗಾತ್ರದಲ್ಲಿ ಚೂಪು ಪೆನ್ಸಿಲಿನಿಂದ ಗೀರಿ. ದಪ್ಪ ಗುರುತು ಮಾಡುವಾಗ ಟೇಪು ಬೇಡ, ಮೈಕಾ ಅಂಟಿಸಿದ ತುಂಡನ್ನೇ ಪಟ್ಟಿಯ ಮೇಲೆ ನಿಲ್ಲಿಸಿ ಎರಡೂ ಬದಿ ಗೀರಿ. ಮೂರು ಕಪಾಟಿಗೂ ಗುರುತು ಆ ಪಟ್ಟಿಯಿಂದಲೇ. ನಕ್ಷೆಯವರು ಮಿಲಿಮೀಟರಿನಲ್ಲಿ ಯೋಚಿಸಲಿ, ಆಚಾರಿಯವರು ನೂಲಿನಲ್ಲಿ ಯೋಚಿಸಲಿ, ಪಟ್ಟಿಗೆ ಎರಡೂ ಗೊತ್ತಿಲ್ಲ.

ಟೇಪಿನ ಬಗ್ಗೆ ಎರಡು ಮಾತು. ತುದಿಯ ಕೊಕ್ಕೆ ಅಲ್ಲಾಡುವುದು ದೋಷವಲ್ಲ. ಹೊರಗೆ ಸಿಕ್ಕಿಸಿದಾಗಲೂ ಒಳಗೆ ಒತ್ತಿದಾಗಲೂ ತನ್ನ ದಪ್ಪವನ್ನು ತಾನೇ ಸರಿದೂಗಿಸಲು ಅದು ಆಡಬೇಕು. ಕಡಲ ಗಾಳಿಗೆ ಅಲ್ಲಿ ತುಕ್ಕು ಕಟ್ಟಿ ಕಚ್ಚಿಕೊಂಡರೆ ಒಳ ಅಳತೆ ಹೊರ ಅಳತೆಗೆ 1 ಮಿ.ಮೀ ವ್ಯತ್ಯಾಸ ಬರುತ್ತದೆ. ಎರಡನೇ ದರ್ಜೆಯ ಟೇಪಿಗೆ 5 ಮೀಟರಿನಲ್ಲಿ 1.3 ಮಿ.ಮೀವರೆಗೆ ತಪ್ಪಲು ಅವಕಾಶ ಇದೆ. ಆದ್ದರಿಂದ ಮಗನ ಟೇಪಿನಲ್ಲಿ ಗೋಡೆ ಅಳೆದು ಆಚಾರಿಯವರ ಟೇಪಿನಲ್ಲಿ ಹಲಗೆ ಕತ್ತರಿಸಬೇಡಿ.

ನಟ್ಟು ಬೋಲ್ಟಿನಲ್ಲಿ ಮಾತ್ರ ‘ಹತ್ತಿರ ಹತ್ತಿರ’ ಎಂಬುದು ನಡೆಯದು. ಎಂ8 (8 ಮಿ.ಮೀ) ಬೋಲ್ಟು, 5/16 ಇಂಚಿನ ನಟ್ಟು ನೋಡಲು ಒಂದೇ, ಒಂದೆರಡು ಸುತ್ತು ಹತ್ತಿ ಕಚ್ಚಿಕೊಳ್ಳುತ್ತದೆ. ಕಾಲು ಇಂಚಿನ ನಟ್ಟಿಗೆ ಎಂ6 ಬೋಲ್ಟು ಹಾಕಿದರೆ ಕೂತಂತೆ ಕಂಡು ಭಾರ ಬಿದ್ದಾಗ ಜಾರುತ್ತದೆ. ರೂಟರಿನ ಬಿಟ್ಟೂ ಹಾಗೆ. 6.35ರ (ಕಾಲು ಇಂಚಿನ) ಕೊಲೆಟ್ಟಿಗೆ, ಅಂದರೆ ಬಿಟ್ಟನ್ನು ಹಿಡಿಯುವ ಬಾಯಿಗೆ, 6 ಮಿ.ಮೀ ಕಡ್ಡಿಯ ಬಿಟ್ಟು ಹಾಕಿ ಎಷ್ಟು ಬಿಗಿ ಮಾಡಿದರೂ ಓಡುವಾಗ ಹೊರಗೆ ಸರಿಯುತ್ತದೆ, ಕೈಗೆ ಅಪಾಯ.

ಇನ್ನು ನಿಮ್ಮ ಬಿಗಿ ಡ್ರಾವರ್. ಒತ್ತಿ ಎಳೆದು ‘ಪಳಗಿಸಲು’ ಹೋಗಬೇಡಿ, ಒಳಗಿನ ಉಕ್ಕಿನ ಗುಂಡುಗಳನ್ನು ಹಿಡಿದಿಟ್ಟ ತಗಡು ಸೊಟ್ಟಗಾದರೆ ಚಾನೆಲ್ಲೇ ಹೊಸದು ಬೇಕು. ಡ್ರಾವರ್ ಹೊರಗೆ ತೆಗೆದು ಕಪಾಟಿನ ಒಳ ಅಗಲವನ್ನು ಮುಂದೆ, ನಡುವೆ, ಹಿಂದೆ ಮೂರು ಕಡೆ ಅಳೆಯಿರಿ. ಹಿಂದೆ ಮಾತ್ರ ಕಡಿಮೆ ಇದ್ದರೆ ತೊಂದರೆ ದಪ್ಪದ್ದಲ್ಲ, ಹಿಂಬದಿಯ ಹಲಗೆ ಕಿರಿದಾಗಿ ಬದಿಗಳನ್ನು ಒಳಗೆ ಎಳೆದಿದೆ. ಅದನ್ನು ಬಿಚ್ಚಿ ಸರಿ ಮಾಡುವುದೇ ದಾರಿ. ಮೂರೂ ಕಡೆ ಒಂದೇ ಸಮ ಎರಡು ಎರಡೂವರೆ ಮಿ.ಮೀ ಕಡಿಮೆ ಇದ್ದರೆ ಡ್ರಾವರಿನ ಬದಿಯಿಂದ ಚಾನೆಲ್‌ನ ಒಳಪಟ್ಟಿ ಬಿಚ್ಚಿ, ಅದು ಕೂರುವ ಜಾಗದಲ್ಲಿ ಮಾತ್ರ, ಪಟ್ಟಿಗಿಂತ ತುಸು ಅಗಲವಾಗಿ, ಎರಡೂ ಬದಿಗೆ ಒಂದೂಕಾಲರಿಂದ ಒಂದೂವರೆ ಮಿ.ಮೀ ಆಳದ ಗಾಡಿ ರೂಟರಿನಲ್ಲಿ ತೆಗೆಯಿರಿ. ಡ್ರಾವರಿನ ಬದಿ 12 ಮಿ.ಮೀ ಇದ್ದರೆ ಅಷ್ಟು ತೆಗೆದರೂ ಬಲ ಹೋಗುವುದಿಲ್ಲ. ಹಳೆಯ ಸ್ಕ್ರೂ ತೂತುಗಳನ್ನು ಅಂಟು ಹಚ್ಚಿದ ಕಡ್ಡಿಯಿಂದ ಮುಚ್ಚಿ, ಹೊಸ ಸ್ಕ್ರೂಗಳನ್ನು ಪಟ್ಟಿಯಲ್ಲಿರುವ ಪಕ್ಕದ ಉದ್ದ ತೂತಿನಲ್ಲಿ ಮೊದಲು ಒಂದೊಂದೇ ಹಾಕಿ, ಡ್ರಾವರ್ ಓಡಿಸಿ ನೋಡಿ, ಆಮೇಲೆ ಉಳಿದವನ್ನು ಬಿಗಿಯಿರಿ. ಸ್ಕ್ರೂ ತಲೆ ಪಟ್ಟಿಯ ಮಟ್ಟಕ್ಕಿಂತ ಮೇಲೆ ಇದ್ದರೆ ಅದೂ ಕಿರುಗುಡುತ್ತದೆ. ಒಂದು ವೇಳೆ ಹೆಚ್ಚು ತೆಗೆದು ಸಡಿಲವಾದರೆ, ಉಳಿದ ಮೈಕಾದಿಂದ ಪಟ್ಟಿ ಕತ್ತರಿಸಿ ಚಾನೆಲ್‌ನ ಹಿಂದೆ ಇಡಿ. ಹೊರಗಿನದರಿಂದ ಕತ್ತರಿಸಿದರೆ 1 ಮಿ.ಮೀ, ಲೈನರಿನದಾದರೆ 0.8.